ಕದಲದ ಅರವತ್ತೆರಡು

ನಮ್ಮ ಅತ್ತೆ ಯಾವ ಸ್ವಿಚ್ಚನ್ನೂ ಸುಮ್ಮನೆ ಹಾಕಿದವರಲ್ಲ. ಹಾಕಿ, ದೀಪವನ್ನೊಮ್ಮೆ ದಿಟ್ಟಿಸಿ, ಹತ್ತಿತು ಎಂದು ಖಾತ್ರಿಯಾದ ಮೇಲೆಯೇ ಕೈ ತೆಗೆಯುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ.

"ಹತ್ತದೆ ಎಲ್ಲಿಗೆ ಹೋಗತ್ತೆ ಅತ್ತೆ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಹೋಗೋ ಜಾಗಗಳೆಲ್ಲ ನಂಗೆ ಗೊತ್ತು ಕಣೇ. ಅದಕ್ಕೇ ನೋಡ್ತೀನಿ," ಎಂದರು.

ಅತ್ತೆ ವಿದ್ಯುತ್ ಇಲಾಖೆಯ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದರು. ಹಾಗೆಂದರೆ ಏನು ಕೆಲಸ ಎಂದು ನಮ್ಮ ಕಟ್ಟಡದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಯಾರ ಮನೆಯ ಫ್ಯೂಸ್ ಹೋದರೂ ನಮ್ಮ ಬಾಗಿಲು ಬಡಿಯುತ್ತಿದ್ದರು. "ನಾನು ಜನ್ಮದಲ್ಲಿ ಒಂದು ವೈರ್ ಮುಟ್ಟಿಲ್ಲ, ಎಲೆಕ್ಟ್ರಿಷಿಯನ್‌ನ ಕರೀರಿ" ಎಂದು ಅತ್ತೆ ಹೇಳಿದರೆ, ಜಂಭ ಎಂದುಕೊಂಡು ಹೋಗುತ್ತಿದ್ದರು. ಅವರು ಮುಟ್ಟುತ್ತಿದ್ದದ್ದು ಕೀಬೋರ್ಡ್ ಮತ್ತು ಫೋನ್ ಮಾತ್ರ. ಅದರಿಂದಲೇ ಅರ್ಧ ಊರಿನ ದೀಪಗಳು ಉರಿಯುತ್ತಿದ್ದವು.

ಆ ಕೋಣೆಯನ್ನು ನಾನು ಒಂದೇ ಸಲ ನೋಡಿದ್ದೇನೆ. ಕಿಟಕಿಯೇ ಇಲ್ಲ. ಯಂತ್ರಗಳಿಗೆ ಬೇಕೆಂದು ಎಷ್ಟು ತಣ್ಣಗೆ ಇಟ್ಟಿರುತ್ತಾರೆಂದರೆ ಅತ್ತೆಯ ಕುರ್ಚಿಯ ಮೇಲೆ ವರ್ಷವಿಡೀ ಒಂದು ಶಾಲು. ಎದುರಿಗೆ ಗೋಡೆಯಗಲದ ಪರದೆ, ಅದರ ಮೇಲೆ ಹಸಿರು ಗೆರೆಗಳು, ಗೆರೆಗಳು ಸೇರುವಲ್ಲಿ ಒಂದೊಂದು ಸಬ್‌ಸ್ಟೇಷನ್, ಅದರ ಪಕ್ಕದಲ್ಲಿ ಅಂಕಿಗಳು. ಯಾವ ಟ್ರಾನ್ಸ್‌ಫಾರ್ಮರ್ ತನ್ನ ಶಕ್ತಿಯ ನೂರಕ್ಕೆ ಎಷ್ಟು ಹೊರೆ ಹೊತ್ತಿದೆ ಎಂದು ಆ ಅಂಕಿಗಳು ಹೇಳುತ್ತವೆ. ನಲವತ್ತೆಂಟು, ನಲವತ್ತೊಂಬತ್ತು, ಮತ್ತೆ ನಲವತ್ತೆಂಟು. ಒಂದು ನಿಮಿಷವೂ ನಿಂತಲ್ಲಿ ನಿಲ್ಲುವುದಿಲ್ಲ. ತೊಟ್ಟಿಲಿನ ಕೂಸಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂರುವ ನನ್ನಂಥವಳಿಗೆ ಅದು ಬೇಗ ಅರ್ಥವಾಯಿತು.

ಈ ಅಂಕಿಗಳು ಬರುವುದು ಹೇಗೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ದೊಡ್ಡ ಕಂಬಗಳ ತುತ್ತತುದಿಯಲ್ಲಿ ಹೋಗುವ ತಂತಿಯ ಹೊಟ್ಟೆಯೊಳಗೆ ಕೂದಲೆಳೆಯಂಥ ಗಾಜಿನ ಎಳೆ ಇರುತ್ತದಂತೆ. ಸಬ್‌ಸ್ಟೇಷನ್ನಿನ ಅಂಕಿಯೂ ಅಲ್ಲಿಯ ಆಫೀಸ್ ಫೋನೂ ಅದರ ಮೇಲೆಯೇ ಬರುವುದು. ಆ ಎಳೆಗೆ ಏನಾದರೂ ಆದರೆ ಪರದೆಯ ಮೇಲಿನ ಅಂಕಿ ಮಾಯವಾಗುವುದಿಲ್ಲ. ಕೊನೆಗೆ ಬಂದದ್ದೇ ಮಂಕಾಗಿ ನಿಂತುಬಿಡುತ್ತದೆ. ಆಗ ಇನ್‌ಚಾರ್ಜ್ ಆದವರು ಅಲ್ಲಿಯ ಆಪರೇಟರಿಗೆ ಮೊಬೈಲ್ ಮಾಡಿ, ಮೀಟರ್ ಓದಿಸಿ, ಆ ಅಂಕಿಯನ್ನು ಕೈಯಿಂದ ತುಂಬಬೇಕು. ಇದಕ್ಕೆ ಅವರು 'ಮ್ಯಾನ್ಯುವಲ್ ಹಾಕೋದು' ಎನ್ನುತ್ತಾರೆ. ಎಳೆ ಸರಿಹೋದ ಮೇಲೂ ಮ್ಯಾನ್ಯುವಲ್ ಅಂಕಿ ತಾನಾಗಿ ಸರಿದು ನಿಜವಾದ ಅಂಕಿಗೆ ಜಾಗ ಬಿಡುವುದಿಲ್ಲ. ಹಾಕಿದವರೇ ತೆಗೆಯಬೇಕು. ತೆಗೆಯದಿದ್ದರೆ ಪಕ್ಕದಲ್ಲಿ ಅಂಗಿಗುಂಡಿಯಷ್ಟು ಒಂದು ಗುರುತು ಕೂತಿರುತ್ತದೆ, ಅಷ್ಟೇ.

ಅತ್ತೆ ಆ ಗುಂಡಿಯನ್ನು ನೋಡಲಿಲ್ಲ. ನಾನು ಹೇಳಹೊರಟಿದ್ದು ಇಷ್ಟೇ. ಆದರೆ ಮನೆಯಲ್ಲಿ ಅದು ಇಷ್ಟಕ್ಕೇ ಮುಗಿಯಲಿಲ್ಲ.

ಆ ಸಂಜೆ ನಾನು ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ಮೈಯೆಲ್ಲ ಸೋಪು, ಕೈಯಲ್ಲಿ ಮೀನಿನ ಹಾಗೆ ಜಾರುವ ಹತ್ತು ತಿಂಗಳ ಕೂಸು, ಫಕ್ಕನೆ ಕತ್ತಲು. ಕೂಸು ಕಿರುಚಿತು, ಅದಕ್ಕಿಂತ ಜೋರಾಗಿ ನಾನು. ಅತ್ತೆಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಕಿಟಕಿಯಿಂದ ನೋಡಿದರೆ ಬೀದಿ, ಅಂಗಡಿಸಾಲು, ಆಚೆಯ ಆಸ್ಪತ್ರೆಯ ತನಕ ಎಲ್ಲ ಕಪ್ಪು. ಆಸ್ಪತ್ರೆಯ ಜನರೇಟರ್ ಗುಡುಗುಡು ಎಂದು ಶುರುವಾದಾಗ ನನಗೆ ಸಮಾಧಾನಕ್ಕಿಂತ ದಿಗಿಲೇ ಹೆಚ್ಚಾಯಿತು, ಅದು ಯಾರಿಗಾಗಿ ಓಡುತ್ತಿದೆಯೋ ಎಂದು.

ಮರುದಿನ ಅತ್ತೆ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು. ಮೂರನೆಯ ದಿನ ಕೂಸಿನ ಒಗೆದ ಬಟ್ಟೆಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ನನ್ನ ಗಂಡ "ಅಮ್ಮ, ಏನಾಯ್ತು?" ಎಂದರೆ "ಏನಿಲ್ಲ ಕಣೋ, ನಿದ್ದೆ ಸಾಲ್ದು" ಎಂದರು. ಪೇಪರಿನಲ್ಲಿ ಒಂದು ಮೂಲೆಯಲ್ಲಿ ಸುದ್ದಿ ಬಂತು: ಓವರ್‌ಲೋಡ್ ಆಗಿ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಗಿ ತಾನಾಗಿ ಬಂದ್, ಸಬ್‌ಸ್ಟೇಷನ್ ಸಿಬ್ಬಂದಿಯ ನಿರ್ಲಕ್ಷ್ಯದ ಶಂಕೆ, ತನಿಖೆಗೆ ಆದೇಶ. ಅತ್ತೆ ಆ ಪೇಪರನ್ನು ಓದಲಿಲ್ಲ. ಓದದೆ ಇದ್ದದ್ದೇ ನನಗೆ ವಿಚಿತ್ರವಾಗಿ ಕಂಡಿತು, ಏಕೆಂದರೆ ಅವರು ಜಾಹೀರಾತನ್ನೂ ಬಿಡುವವರಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಕೂಸಿಗೆ ಅನ್ನ ಕಿವುಚುತ್ತ ಕೂತವರು ತಲೆ ಎತ್ತದೆ ಹೇಳಿದರು. "ಆವತ್ತು ಕತ್ತಲು ಮಾಡಿದ್ದು ನಾನು ಕಣೇ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಆ ಮಧ್ಯಾಹ್ನ ಒಂದು ಸಬ್‌ಸ್ಟೇಷನ್ನಿನ ಲಿಂಕ್, ಅಂದರೆ ಆ ಗಾಜಿನ ಎಳೆಯ ಸಂಪರ್ಕ, ಬಿದ್ದಿದೆ. ಅಲ್ಲಿಯ ಆಪರೇಟರಿಗೆ ಮೊಬೈಲ್ ಮಾಡಿದ್ದಾರೆ. ಆತ ಅರವತ್ತೆರಡು ಎಂದಿದ್ದಾನೆ, ಇವರು ಅರವತ್ತೆರಡು ಎಂದು ತುಂಬಿದ್ದಾರೆ. ಸ್ವಲ್ಪ ಹೊತ್ತಿಗೆ ಲಿಂಕ್ ಬಂದಿದೆ. ಅದೇ ಹೊತ್ತಿಗೆ ಬೇರೆಲ್ಲೋ ಅಲಾರಂ ಕೂಗಿದೆ, ಇವರು ಅತ್ತ ತಿರುಗಿದ್ದಾರೆ. ಮ್ಯಾನ್ಯುವಲ್ ತೆಗೆಯುವುದು ಮರೆತಿದೆ. ಸಂಜೆ ಪಕ್ಕದ ಸ್ಟೇಷನ್ನಿನ ಒಂದು ಲೈನನ್ನು ರಿಪೇರಿಗೆ ಬಿಡಬೇಕಿತ್ತು, ಅದರ ಹೊರೆಯನ್ನು ಯಾರಾದರೂ ಹೊರಬೇಕಿತ್ತು. ಪರದೆಯ ಮೇಲೆ ಅರವತ್ತೆರಡು ನಿಂತಿತ್ತು.

"ಅರವತ್ತೆರಡು ಇದ್ರೆ ಇನ್ನೂ ಎಷ್ಟೊಂದು ಜಾಗ ಇದೆ ಅಂದ್ಕೊಂಡೆ. ಮಧ್ಯಾಹ್ನ ಮಾಡಿದ್ ನಂಬರ್ರೇ ಕೈಯಲ್ಲಿತ್ತು, ಮೊಬೈಲಿಗೇ ಮಾಡ್ದೆ. 'ಆ ಲೈನ್ ತಗೊಳ್ಳಿ' ಅಂದೆ. ಅವನು ಹೇಳ್ದ ಕಣೇ. 'ಇಲ್ಲಿ ತೊಂಬತ್ತರ ಮೇಲೆ ಕಾಣ್ತಿದೆ ಮೇಡಂ' ಅಂದ."

"ನೀವೇನಂದ್ರಿ?"

"'ನಿಮ್ಮ ಮೀಟರ್ ಕೆಟ್ಟಿರತ್ತೆ, ನಾನು ನೋಡ್ತಾ ಇದೀನಲ್ಲ, ತಗೊಳ್ಳಿ' ಅಂದೆ." ಅನ್ನದ ಬಟ್ಟಲನ್ನು ಕೆಳಗಿಟ್ಟರು. "ತಗೊಂಡ. ನಿಮಿಷದಲ್ಲಿ ಎಲ್ಲ ಹೋಯ್ತು. ಆಗ ಆ ಗುಂಡಿ ಕಾಣಿಸ್ತು ನಂಗೆ. ಅಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು. ಕೀ ಒತ್ತಿ ತೆಗ್ದೆ. ಯಾರೂ ನೋಡ್ಲಿಲ್ಲ."

ಆಫೀಸ್ ಫೋನಿನಲ್ಲಿ ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಮೊಬೈಲಿನದು ಆಗುವುದಿಲ್ಲ. ಮ್ಯಾನ್ಯುವಲ್ ಹಾಕಿದ್ದು, ತೆಗೆದದ್ದು ಯಂತ್ರದ ದಾಖಲೆಯಲ್ಲಿ ಸಾವಿರ ಸಾಲುಗಳ ನಡುವೆ ಎಲ್ಲೋ ಇದ್ದೇ ಇರುತ್ತದೆ. ಆದರೆ ಅಲ್ಲಿ ಹುಡುಕಿ ಎಂದು ಯಾರಾದರೂ ಹೇಳಿದರೆ ತಾನೆ ಹುಡುಕುವುದು? ಎಲ್ಲರ ಕಣ್ಣೂ ಸಬ್‌ಸ್ಟೇಷನ್ ಆಪರೇಟರನ ಮೇಲಿತ್ತು. ಲೋಡ್ ಏರುವುದನ್ನು ನೋಡದೆ ಕೂತಿದ್ದ ಎಂದು ಅವನಿಗೆ ಅಮಾನತ್ತಾಗುವ ಮಾತು ನಡೆದಿತ್ತು.

"ಹೇಳ್ಬೇಕು ನಾನು," ಎಂದರು ಅತ್ತೆ.

"ಬೇಡ ಅತ್ತೆ," ಎಂದೆ. ಯೋಚಿಸಿ ಅಂದದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಮುಂದಿನ ತಿಂಗಳು ನಾನು ಕೆಲಸಕ್ಕೆ ಮರಳಬೇಕಿತ್ತು. ಅತ್ತೆಯ ಶಿಫ್ಟ್ ಹಿಡಿದು, ನನ್ನ ಹೊತ್ತು ಹೊಂದಿಸಿ, ಕೂಸು ಒಂದು ಗಳಿಗೆಯೂ ಬೇರೆಯವರ ಕೈಗೆ ಹೋಗದ ಹಾಗೆ ಲೆಕ್ಕ ಹಾಕಿಟ್ಟಿದ್ದೆ. ಇವರನ್ನು ಎಲ್ಲಿಗೋ ಎತ್ತಿಹಾಕಿದರೆ? "ಆ ಆಪರೇಟರಿಗೆ ಬರೀ ವಾರ್ನಿಂಗ್ ಕೊಟ್ಟು ಬಿಡ್ತಾರೇನೋ. ಏನಾಗತ್ತೆ ನೋಡೋಣ. ನೀವಾಗಿ ಯಾಕೆ ಮೈಮೇಲೆ ಹಾಕ್ಕೊಳ್ತೀರಿ?"

ಅತ್ತೆ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. ಕೂಸಿನ ಬಾಯಿ ಒರೆಸಿದರು.

ನೋಡೋಣ ನೋಡೋಣ ಎನ್ನುತ್ತಲೇ ದಿನಗಳು ಕಳೆದವು. ಅತ್ತೆ ಡ್ಯೂಟಿಗೆ ಹೋಗುತ್ತಿದ್ದರು, ಬರುತ್ತಿದ್ದರು. ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದರು, ಉಣ್ಣುತ್ತಿದ್ದರೋ ಇಲ್ಲವೋ. ನಾನು ಕೂಸಿನ ತೂಕ ನೋಡುವುದರ ಜೊತೆಗೆ ಅತ್ತೆಯ ಕೆನ್ನೆಯ ಗುಳಿಯನ್ನೂ ನೋಡತೊಡಗಿದೆ. "ಊಟ ಮಾಡಿ ಅತ್ತೆ" ಎಂದು ಬಲವಂತ ಮಾಡುತ್ತಿದ್ದೆ. ಗಂಟಲಿಗೆ ಕೈಯಿಟ್ಟವಳು ನಾನೇ, ಉಣ್ಣಿ ಎನ್ನುವವಳೂ ನಾನೇ. ಒಂದು ದಿನ ಆಫೀಸಿನಿಂದ ಬಂದವರು ಚಪ್ಪಲಿ ಬಿಡುತ್ತ, "ಅವನ ಹೇಳಿಕೆ ತಗೊಂಡ್ರಂತೆ. ಏನು ಹೇಳಿದಾನೋ ಗೊತ್ತಿಲ್ಲ. ನಾಳೆ ರಜಾ, ಹೋಗಿ ಅವನನ್ನ ನೋಡ್ಕೊಂಡು ಬರ್ತೀನಿ," ಎಂದರು.

"ನಾನೂ ಬರ್ತೀನಿ," ಎಂದೆ.

ಅಷ್ಟರಲ್ಲಿ ವಿಷಯ ತಿಳಿದಿದ್ದ ನನ್ನ ಗಂಡ, ಸೊಸೆ ಧೈರ್ಯಕ್ಕೆ ಜೊತೆಗೆ ಬರುತ್ತಾಳೆ ಎಂದು ಮೆಚ್ಚಿಕೊಂಡರು. ನಾನು ಹೊರಟಿದ್ದು ತಡೆಯಲು.

ಸಬ್‌ಸ್ಟೇಷನ್ ಊರ ಅಂಚಿನಲ್ಲಿತ್ತು. ತಂತಿಬೇಲಿ, ಒಳಗೆಲ್ಲ ಜಲ್ಲಿ, ಜಲ್ಲಿಯ ಮೇಲೆ ಲಾರಿಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಅದರ ಗುಂಯ್ ಎನ್ನುವ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ನಾನು ಕೂಸನ್ನು ಎದೆಗೆ ಅವುಚಿಕೊಂಡು, ಅದರ ಎರಡೂ ಕೈ ನನ್ನ ಸೆರಗಿನೊಳಗೆ ತುರುಕಿ ನಡೆದೆ. "ಇಲ್ಲಿ ನಿಂತ್ರೆ ಏನೂ ಆಗಲ್ಲ, ಉಸಿರು ಬಿಡು," ಎಂದರು ಅತ್ತೆ.

ಆಪರೇಟರು ಬಾಗಿಲಿಗೆ ಬಂದರು. ಐವತ್ತರ ಹತ್ತಿರದ ಸಣಕಲು ಮನುಷ್ಯ. ದನಿ ಎಷ್ಟು ಮೆಲ್ಲಗೆಂದರೆ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಅವರಿಗೆ 'ಪಿಸುಗುಟ್ಟಪ್ಪ' ಎಂದೇ ಹೆಸರಿಟ್ಟಿದ್ದರು.

"ಏನ್ ಮೇಡಂ, ಪರದೆ ಬಿಟ್ಟು ನೆಲಕ್ಕೆ ಇಳಿದು ಬಂದ್ರಲ್ಲ! ಇವತ್ತು ಮಳೆ ಗ್ಯಾರಂಟಿ," ಎಂದರು. ಕೂಸಿನ ಕಡೆ ನೋಡಿ, "ಇದೇನಾ ಮೊಮ್ಮಗಳು? ರಾತ್ರಿ ಎಲ್ಲಾ ಟ್ರಿಪ್ ಆಗಿ ಮಲಗ್ತಾಳಾ?"

"ಎಲ್ಲಿ ಮಲಗ್ತಾಳೆ, ರಾತ್ರಿನೇ ಅವಳಿಗೆ ಫುಲ್ ಲೋಡು," ಎಂದೆ. ನಕ್ಕರು. ಆ ನಗುವಿನಿಂದ ನನಗೆ ಆಸೆ ಹುಟ್ಟಿತು. ಮನುಷ್ಯ ಗೆಲುವಾಗಿಯೇ ಇದ್ದಾರೆ, ಅಷ್ಟೇನೂ ಆಗಿಲ್ಲ, ನಾಲ್ಕು ಮಾತಾಡಿ ಎದ್ದು ಬಂದರಾಯಿತು.

ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಬೂದು ಬಣ್ಣದ ಪೆಟ್ಟಿಗೆಗಳು, ಅವುಗಳ ಎದೆಯ ಮೇಲೆ ಮುಳ್ಳಿನ ಮೀಟರುಗಳು. ಮೂಲೆಯ ಬೀರುವಿನಲ್ಲಿ ಆ ಗಾಜಿನ ಎಳೆ ಬಂದು ಸೇರುವ ಯಂತ್ರ, ಅದರ ಹಸಿರು ಚುಕ್ಕೆಗಳು ಮಿಣಮಿಣ ಎನ್ನುತ್ತಿದ್ದವು. ಮೇಜಿನ ಮೇಲೆ ಆಫೀಸ್ ಫೋನು. ಪಕ್ಕದಲ್ಲಿ ಹಾಟ್‌ಪ್ಲೇಟ್, ಅದರ ಮೇಲೆ ಟೀ ಕೆಟಲ್. ಆಪರೇಟರು ಕೂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಒಮ್ಮೆ ಮೀಟರಿನ ಕಡೆ ನೋಡಿದರು.

"ಕನ್ನಡಕ ಯಾವಾಗ ಬಂತು?" ಎಂದರು ಅತ್ತೆ.

"ಹೊಸದು ಮೇಡಂ. ಆವತ್ತು ಹಾಗಾಯ್ತಲ್ಲ. ನೀವು ಮೀಟರ್ ಕೆಟ್ಟಿದೆ ಅಂದ್ರಿ. ಟೆಸ್ಟಿಂಗ್‌ನವರನ್ನ ಕರೆಸ್ದೆ, ಮೀಟರ್ ಚಿನ್ನದ ಹಾಗಿದೆ ಅಂದ್ರು. ಹಾಗಾದ್ರೆ ಕೆಟ್ಟಿರೋದು ನನ್ನ ಕಣ್ಣೇ ಅಲ್ವಾ? ಡಾಕ್ಟ್ರ ಹತ್ರ ಹೋದೆ." ದನಿ ಇನ್ನಷ್ಟು ಮೆಲ್ಲಗಾಯಿತು. "ಅವರು ಕಣ್ಣಿಗೇನೂ ಆಗಿಲ್ಲ ಹೋಗ್ರಿ ಅಂದ್ರು. ಇಲ್ಲ ಡಾಕ್ಟ್ರೇ, ನಂಗೆ ತೊಂಬತ್ತೊಂದು ಕಂಡಿತ್ತು, ಇದ್ದದ್ದು ಅರವತ್ತೆರಡು, ಅಂದೆ. ಅವರಿಗೇನು ಗೊತ್ತಾಗತ್ತೆ ಪಾಪ. ಹಠ ಮಾಡಿ ಬರೆಸ್ಕೊಂಡೆ. ಹಾಕ್ಕೊಂಡ್ರೆ ತಲೆ ತಿರುಗತ್ತೆ, ಅಭ್ಯಾಸ ಆಗ್ಬೇಕು."

ಅತ್ತೆಯ ಮುಖ ನೋಡಲು ನನಗೆ ಆಗಲಿಲ್ಲ. ಕೂಸಿನ ಟೋಪಿಯ ದಾರ ಬಿಚ್ಚಿ ಕಟ್ಟಿದೆ.

"ತನಿಖೆ ಸಾಹೇಬ್ರ ಮುಂದೆ ಏನು ಹೇಳಿದ್ರಿ?"

"ಇನ್ನೇನು ಹೇಳ್ಲಿ? ಮೇಡಂ ಹೇಳಿದಾಗ ಲೋಡ್ ಸರಿಯಾಗೇ ಇತ್ತು ಸಾರ್, ಆಮೇಲೆ ಏರಿದ್ದನ್ನ ನಾನು ನೋಡ್ಲಿಲ್ಲ, ನನ್ನ ಕಣ್ಣಿನದೇ ತಪ್ಪು ಅಂದೆ. ನೀವು ಸುಳ್ಳು ಹೇಳ್ತೀರಾ? ನೀವು ಇನ್‌ಚಾರ್ಜ್ ಆದಾಗಿಂದ ನಿಮ್ಮ ಬಾಯಲ್ಲಿ ಒಂದು ಅಂಕಿ ತಪ್ಪಿದ್ದು ನಾನು ಕಂಡಿಲ್ಲ."

ಅತ್ತೆ ಎದ್ದು ನಿಂತರು. ನಾನು ಅವರ ಸೆರಗು ಹಿಡಿದೆ. ನಿಜವಾಗಿಯೂ ಹಿಡಿದೆ, ಕೂಸು ಹಿಡಿಯುವ ಹಾಗೆ. ಅವರು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು.

"ನಿಮ್ಮ ಕಣ್ಣು ಸರಿಯಾಗಿತ್ತು. ಇದ್ದದ್ದು ತೊಂಬತ್ತೊಂದೇ. ನನ್ನ ಪರದೆ ಮೇಲಿದ್ದದ್ದು ನಾನು ಮಧ್ಯಾಹ್ನ ಹಾಕಿದ್ ಮ್ಯಾನ್ಯುವಲ್. ತೆಗೀಲಿಲ್ಲ."

ಆಪರೇಟರು ಕನ್ನಡಕ ತೆಗೆದರು. ಬಹಳ ಹೊತ್ತು ಅದರ ಗಾಜನ್ನೇ ಅಂಗಿಯ ತುದಿಯಿಂದ ಒರೆಸಿದರು. ಹೊರಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಒಂದೇ ಸಮನೆ ಕೇಳಿಸುತ್ತಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ಆವತ್ತೇ. ಕರೆಂಟ್ ಹೋದ ತಕ್ಷಣ."

"ಆವತ್ತೇ!" ಆ ಮನುಷ್ಯನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದ್ದೀತೆಂದು ಯಾರೂ ನಂಬಲಾರರು. ಕೂಸು ಬೆಚ್ಚಿ ಅಳತೊಡಗಿತು. "ನನ್ನ ಹೆಂಡ್ತಿ ಮಾತ್ರೆ ಹೆಸರು ಓದಿ ಅಂತ ನನ್ನ ಕೈಗೆ ಕೊಡೋದು ಬಿಟ್ಟಿದಾಳೆ. ಬಸ್ ನಂಬರ್ ಪಕ್ಕದವರನ್ನ ಕೇಳಿ ಹತ್ತುತೀನಿ. ಆವತ್ತೇ ಗೊತ್ತಿತ್ತು, ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ?"

ಅತ್ತೆ ಮೇಜಿನ ಹತ್ತಿರ ಬಂದರು. ಸೊಸೆ ಬೇಡ ಅಂದಳು ಎನ್ನಬಹುದಿತ್ತು. ಕಡೇಪಕ್ಷ ನನ್ನ ಕಡೆ ಒಮ್ಮೆ ತಿರುಗಬಹುದಿತ್ತು. ತಿರುಗಲೂ ಇಲ್ಲ.

"ಆ ಫೋನ್ ಕೊಡಿ," ಎಂದರು.

ಆಫೀಸ್ ಫೋನು. ತನಿಖೆಯ ಸಾಹೇಬರ ನಂಬರು ಒತ್ತಿದರು. ಆ ಹಳೆಯ ಫೋನಿನಲ್ಲಿ ಆಚೆಯವರ ಮಾತೂ ಕೋಣೆಗೆಲ್ಲ ಕೇಳುತ್ತಿತ್ತು. ಅತ್ತೆ ತಮ್ಮ ಹೆಸರು, ಹುದ್ದೆ, ಎಲ್ಲಿಂದ ಮಾತಾಡುತ್ತಿರುವುದು ಎಲ್ಲ ಹೇಳಿ, ಒಂದೇ ಉಸಿರಿಗೆ ವಿಷಯವನ್ನೂ ಹೇಳಿ ಮುಗಿಸಿದರು.

"ಮೇಡಂ," ಎಂದರು ಸಾಹೇಬರು ದನಿ ತಗ್ಗಿಸಿ. "ಇದು ರೆಕಾರ್ಡ್ ಆಗೋ ಲೈನು. ನೀವು ಏನೋ ಗಾಬರೀಲಿದೀರ. ಮನೆಗೆ ಹೋಗಿ, ಯೋಚನೆ ಮಾಡಿ, ನಾಳೆ ನನ್ನ ಮೊಬೈಲಿಗೆ ಮಾಡಿ. ಏನು?"

ನಾನು ಅಳುವ ಕೂಸನ್ನು ಬೆನ್ನು ತಟ್ಟುತ್ತ ಬಾಗಿಲಲ್ಲಿ ನಿಂತಿದ್ದೆ. ಹೂಂ ಅನ್ನಿ ಅತ್ತೆ, ಹೂಂ ಅನ್ನಿ ಎಂದು ಮನಸ್ಸು ಒಳಗೇ ಬಡಿದುಕೊಂಡಿತು. ಆ ಕನ್ನಡಕವನ್ನು ಕಣ್ಣಾರೆ ನೋಡಿದ ಮೇಲೂ.

"ರೆಕಾರ್ಡ್ ಆಗತ್ತೆ ಅಂತಾನೇ ಇದ್ರಲ್ಲಿ ಮಾಡ್ದೆ ಸರ್. ಇನ್ನೊಂದ್ಸಲ ನಿಧಾನವಾಗಿ ಹೇಳ್ತೀನಿ. ಯಂತ್ರದ ದಾಖಲೇಲಿ ಎಲ್ಲಿ ಹುಡುಕ್ಬೇಕು ಅಂತಾನೂ ಹೇಳ್ತೀನಿ," ಎಂದರು ಅತ್ತೆ. ದಿನಾ ಅಂಕಿ ಓದಿಸಿಕೊಳ್ಳುವ ಅದೇ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ, ಮೊದಲಿನಿಂದ ಹೇಳಿದರು.

ಫೋನ್ ಇಟ್ಟ ಮೇಲೆ ಆಪರೇಟರು ಎದ್ದು ಕೆಟಲ್ ಎತ್ತಿಕೊಂಡರು. ಒಂದು ಲೋಟ ಟೀ ಬಗ್ಗಿಸಿ ನನ್ನ ಮುಂದಿಟ್ಟರು. ಇನ್ನೊಂದು ತಮಗೆ. ಅತ್ತೆಯ ಮುಂದೆ ಏನೂ ಇಡಲಿಲ್ಲ. ಮರೆತದ್ದಲ್ಲ. ಮೂರನೆಯ ಲೋಟ ಅಲ್ಲೇ ಬೋರಲಾಗಿತ್ತು. ನಾನು ಆ ಟೀಯನ್ನು ಕುಡಿಯಲೂ ಆಗದೆ ಬಿಡಲೂ ಆಗದೆ ಎರಡು ಗುಟುಕು ನುಂಗಿದೆ. ಬಿಸಿ ಇತ್ತು, ಒಳ್ಳೆಯ ಟೀಯೇ.

ಬಸ್ಸಿನಲ್ಲಿ ಕೂಸು ಅತ್ತೆಯ ತೊಡೆಯ ಮೇಲೆ ನಿದ್ದೆಹೋಯಿತು. "ಒಂದು ಮಾತಿಗಾದ್ರೂ ಹೋಗ್ಲಿ ಬಿಡಿ ಅನ್ಬಹುದಿತ್ತು ಆ ಮನುಷ್ಯ," ಎಂದೆ.

"ಯಾಕನ್ಬೇಕು?" ಎಂದರು ಅತ್ತೆ, ಕಿಟಕಿಯ ಆಚೆಯ ಕಂಬಗಳನ್ನು ನೋಡುತ್ತ.

ಆಮೇಲಿನದು ಬೇಗ ಮುಗಿಯಿತು. ಯಂತ್ರದ ದಾಖಲೆ ತೆಗೆದು ನೋಡಿದರು. ಆಪರೇಟರ ಮೇಲಿನ ಆರೋಪ ಬಿಟ್ಟರು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಲೈನ್ ತೆಗೆದುಕೊಂಡದ್ದಕ್ಕೆ ಒಂದು ಎಚ್ಚರಿಕೆ ಮಾತ್ರ ಕೊಟ್ಟರು. ಅತ್ತೆಯನ್ನು ಪರದೆಯ ಮುಂದಿನಿಂದ ಎಬ್ಬಿಸಿದರು. ತಪ್ಪಿಗಿಂತ ಹೆಚ್ಚಾಗಿ, ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಈ ಶಿಕ್ಷೆ ಎಂದು ಸಾಹೇಬರೇ ಹೇಳಿದರಂತೆ. ಈಗ ಅವರು ಲಿಂಕ್ ವಿಭಾಗದಲ್ಲಿದ್ದಾರೆ. ಯಾವ ಸ್ಟೇಷನ್ನಿನ ಎಳೆ ಜೀವಂತವಾಗಿದೆ, ಯಾವುದು ತಡವರಿಸುತ್ತಿದೆ ಎಂದು ಬಸ್ಸಿನಲ್ಲಿ ತಿರುಗಿ ಪರೀಕ್ಷಿಸುವ ಕೆಲಸ. ಬೆಳಿಗ್ಗೆ ಹೋದರೆ ಸಂಜೆಯೇ. ನಾನು ಕೆಲಸಕ್ಕೆ ಮರಳುವುದು ಸದ್ಯಕ್ಕೆ ನಿಂತಿತು.

ಒಂದು ಸಂಜೆ ಕೂಸಿಗೆ ಹಲ್ಲು ಬರುವ ಜ್ವರ, ದಿನವಿಡೀ ಒಬ್ಬಳೇ ಎತ್ತಿಕೊಂಡು ನನ್ನ ಸೊಂಟ ಬಿದ್ದುಹೋಗಿತ್ತು. ಅತ್ತೆ ಒಳಗೆ ಕಾಲಿಡುತ್ತಿದ್ದಂತೆ ಸಿಡುಕಿದೆ. "ಆವತ್ತೇ ಹೋಗಿ ಹೇಳಿದ್ದಿದ್ರೆ ನಿಮ್ಮ ಶಿಫ್ಟ್ ಆದ್ರೂ ಉಳೀತಿತ್ತು!"

ಬೇಡ ಎಂದಿದ್ದ ಬಾಯಿಂದಲೇ ಇದೂ ಬಂತು. ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಹೌದು ಕಣೇ, ಆವತ್ತೇ ಹೇಳ್ಬೇಕಿತ್ತು," ಎಂದಷ್ಟೇ ಹೇಳಿ, ಅತ್ತೆ ಬ್ಯಾಗನ್ನು ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು ಬಂದು ಕೂಸನ್ನು ನನ್ನ ಕೈಯಿಂದ ಎತ್ತಿಕೊಂಡರು. ಅದರ ಬಿಸಿ ಹಣೆಯನ್ನು ಕೆನ್ನೆಗೊತ್ತಿಕೊಂಡು ಕೋಣೆಯ ಉದ್ದಕ್ಕೂ ನಡೆದರು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದರೆ "ಹೋಗಿ ಮಲಗು ಒಂದು ಗಳಿಗೆ" ಎಂದರು.

ನಾನು ಮಲಗಲಿಲ್ಲ. ಅವರಿಗೆ ಟೀ ಮಾಡಿ ತಂದೆ. ಕುಡಿಯುತ್ತ, ಕೇಳದೆಯೇ, ಇವತ್ತು ಪಿಸುಗುಟ್ಟಪ್ಪನ ಸ್ಟೇಷನ್ನಿಗೆ ಹೋಗಿದ್ದೆ ಎಂದರು. ಅಲ್ಲಿಯ ಲಿಂಕನ್ನೂ ತಿಂಗಳಿಗೊಮ್ಮೆ ಇವರೇ ನೋಡಬೇಕಂತೆ.

"ಮಾತಾಡ್ತಾರಾ?"

"ಕೆಲಸದ್ದು ಮಾತಾಡ್ತಾನೆ."

"ಟೀ?"

"ಈ ಸಲ ಕೆಟಲ್ ಕಡೆ ಕೈ ತೋರಿಸ್ದ. ಬೇಕಿದ್ರೆ ಬಗ್ಗಿಸ್ಕೊಳ್ಳಿ ಅನ್ನೋ ಹಾಗೆ."

"ಬಗ್ಗಿಸ್ಕೊಂಡ್ರಾ?"

ಅತ್ತೆ ಕೂಸನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿದರು.

"ಇನ್ನೂ ಇಲ್ಲ," ಎಂದರು.